ಆಶ್ರಯ ಮತ್ತು ಕೊಳುಕೊಡೆ: ಗೊಂಡ ನಾಡಿನ ಕಲೆಗೆ ಧನಸಹಾಯದ ಪ್ರಶ್ನೆ

ನಾಗಪುರದಿಂದ ಭಂಡಾರಾ ಪಟ್ಟಣಕ್ಕೆ ಹೋಗುವ ಹೆದ್ದಾರಿಯಲ್ಲಿ, ಸುಮಾರು 35 ಕಿಲೋಮೀಟರುಗಳ ದೂರದಲ್ಲಿ, ಕನ್ಹಾನ್ ನದಿಯ ದಂಡೆಯ ಮೇಲೆ ಮೌದಾ ಎಂಬ ತಾಲೂಕು ಕೇಂದ್ರವಿದೆ. ಕನ್ಹಾನ್ ಮುಂದೆ ವೈನಗಂಗೆಯನ್ನು ಕೂಡುತ್ತದೆ. ವೈನಗಂಗೆ ಪ್ರಾಣಹಿತೆಯಾಗಿ ಗೋದಾವರಿಗೆ ಸೇರುತ್ತದೆ. ಕನ್ನಡ ನಾಡಿನ ಉತ್ತರದ ಮೇರೆಯೆಂದು ಕವಿರಾಜಮಾರ್ಗವು ಹೆಸರಿಸಿದ ನದಿ ಇದೇ ಗೋದಾವರಿ. ಆ ಗ್ರಂಥ ಹುಟ್ಟಿದ ರಾಷ್ಟ್ರಕೂಟ ವಂಶದ ಅಧಿಕಾರವು ಈ ಪ್ರದೇಶದ ಮೇಲೂ ಹರಡಿದ್ದಿತೆಂಬುದಕ್ಕೆ ವರ್ಧಾ ಜಿಲ್ಲೆಯ ದೇವಳಿಯಲ್ಲಿ ದೊರೆತ ಮೂರನೆಯ ಕೃಷ್ಣನ ಕ್ರಿ.ಶ. 940ರ ತಾಮ್ರಪಟವೇ ಸಾಕ್ಷಿ. ನಾಗಪುರ-ನಂದಿವರ್ಧನ ಎಂಬ ವಿಷಯದಲ್ಲಿ ಒಂದು ಗ್ರಾಮವನ್ನು ದಾನವಾಗಿ ಕೊಟ್ಟ ಸಂಗತಿ ಅದರಲ್ಲಿ ಉಕ್ತವಾಗಿದೆ. ವಿದರ್ಭದಲ್ಲಿ ನೆಲೆಸಿರುವ ಕನ್ನಡಿಗನಿಗೆ ಈ ನೆಲ ತೀರ ಪರಕೀಯವಲ್ಲವೆಂಬ ಸಮಾಧಾನವನ್ನು ಇಂತಹ ದಾಖಲೆಗಳು ಕೊಡುತ್ತವೆ. ಆದರೆ ಇದಕ್ಕಿಂತ ಹತ್ತಿರದ ನಂಟೊಂದು ಇಲ್ಲಿಯ ಆದಿವಾಸಿಗಳೊಂದಿಗೆ ಕನ್ನಡಕ್ಕೆ ಇದೆಯೆಂಬುದನ್ನು ಗಮನಿಸಿದವರು ವಿರಳ.

ಇಂದಿನ ನಾಗಪುರ ನಗರವನ್ನು ಸ್ಥಾಪಿಸಿದವನು ದೇವಗಡದ ಗೊಂಡ ಅರಸನಾದ ಬಖ್ತ ಬುಲಂದ ಶಹಾ. 1702ರ ಸುಮಾರಿಗೆ ಆತನು ಕೆಲವು ಹಳ್ಳಿಗಳನ್ನು ಒಂದುಗೂಡಿಸಿ ಈ ಪಟ್ಟಣವನ್ನು ಕಟ್ಟಿದನು. ಮುಂದೆ ಭೋಸಲೆಯವರೂ ಅನಂತರ ಬ್ರಿಟಿಷರೂ ಅದನ್ನು ಆಳಿದರು. ಗೊಂಡರು ತಮ್ಮನ್ನು ತಾವು ಕೋಯತೂರ್ ಎಂದು ಕರೆದುಕೊಳ್ಳುತ್ತಾರೆ. ಅವರ ಗೊಂಡಿ ದ್ರಾವಿಡ ವರ್ಗದ ಭಾಷೆ. ಶಾಖೆಯ ದೃಷ್ಟಿಯಿಂದ ಅದು ಕನ್ನಡಕ್ಕಿಂತ ತೆಲುಗಿಗೆ ಸಮೀಪವಾದುದಾದರೂ ಅದರ ಶಬ್ದಗಳು ಕನ್ನಡಿಗನ ಕಿವಿಗೆ ಅಪರಿಚಿತವಲ್ಲ. ಎರಡಕ್ಕೆ ‘ರಂಡ್’, ಮೂರಕ್ಕೆ ‘ಮೂಂಡ್’, ನಾಲ್ಕಕ್ಕೆ ‘ನಾಲುಂಗ್’ ಎಂದು ಗೊಂಡರು ಎಣಿಸುತ್ತಾರೆ. ಕಣ್ಣು ‘ಕನ್’, ಕೈ ‘ಕಯ್’. ಊರಿಗೆ ಅವರು ಹೇಳುವ ‘ನಾರ್’ ನಮ್ಮ ‘ನಾಡು’ ಶಬ್ದದ ಸೋದರ. ಹಾಡಿಗೆ ‘ಪಾಟಾ’ ಎನ್ನುವರು. ಹಳಗನ್ನಡದ ‘ಪಾಡು’ ಎಂಬುದನ್ನು ನೆನೆದರೆ ನಂಟು ತಾನಾಗಿಯೇ ಸ್ಪಷ್ಟವಾಗುವುದು. ಯವತಮಾಳದ ಕಡೆಯ ಕೋಲಾಮರು ಆಡುವ ಕೋಲಾಮಿಯೂ ದ್ರಾವಿಡ ಭಾಷೆಯೇ.

ಈ ನಂಟು ಇಂದು ಯಾವ ಸ್ಥಿತಿಯಲ್ಲಿದೆ? 2011ರ ಜನಗಣತಿಯಂತೆ ಗೊಂಡಿಯನ್ನು ಮಾತೃಭಾಷೆಯೆಂದು ಹೇಳಿದವರು ಸುಮಾರು 29 ಲಕ್ಷ 84 ಸಾವಿರ. ಗೊಂಡರ ಒಟ್ಟು ಸಂಖ್ಯೆಯಾದರೋ ಒಂದು ಕೋಟಿಗೂ ಹೆಚ್ಚು. ಎಂದರೆ ಬಹುಸಂಖ್ಯೆಯ ಗೊಂಡರು ಈಗಾಗಲೇ ಹಿಂದಿ, ಮರಾಠಿ ಅಥವಾ ತೆಲುಗಿಗೆ ಹೊರಳಿದ್ದಾರೆ. ಸಂವಿಧಾನದ ಎಂಟನೆಯ ಪರಿಶಿಷ್ಟದಲ್ಲಿ ಗೊಂಡಿಗೆ ಸ್ಥಾನವಿಲ್ಲ. ಇವರ ಪುರಾಣ, ವಂಶಾವಳಿ, ದೇವತಾಸ್ತುತಿ, ಮದುವೆಯ ಹಾಡು ಎಲ್ಲವೂ ಕಂಠಸ್ಥವಾಗಿ ಬಂದವು. ಹಾಡುವವನು ಹೋದರೆ ಗ್ರಂಥಭಂಡಾರವೊಂದು ಸುಟ್ಟಂತೆಯೇ ಸರಿ. ಆದುದರಿಂದ ಆದಿವಾಸಿ ಕಲೆಗೆ ಧನಸಹಾಯವನ್ನು ಯಾರು, ಹೇಗೆ, ಯಾವ ಉದ್ದೇಶಕ್ಕಾಗಿ ಕೊಡಬೇಕೆಂಬ ಪ್ರಶ್ನೆ ಕೇವಲ ಲೆಕ್ಕಪತ್ರಕ್ಕೆ ಸಂಬಂಧಿಸಿದ್ದಲ್ಲ.

ಈ ಪ್ರಶ್ನೆಗೆ ಗೊಂಡ ಸಮಾಜವು ತನ್ನದೇ ಆದ ಒಂದು ಉತ್ತರವನ್ನು ಹಿಂದೆಯೇ ಕಂಡುಕೊಂಡಿತ್ತು. ಗೊಂಡರ ಗಾಯಕರೂ ವಂಶಾವಳಿಯ ಪಾಲಕರೂ ಆದ ಪರಧಾನರು ‘ಬಾನಾ’ ಎಂಬ ತಂತಿವಾದ್ಯವನ್ನು ಕಮಾನಿನಿಂದ ನುಡಿಸಿ ಬಡಾದೇವನನ್ನು ಸ್ತುತಿಸುವವರು. ಆ ದೇವನ ನೆಲೆ ಸಾಜಾ ಮರ. ಅದೇ ಕನ್ನಡ ನಾಡಿನ ಮತ್ತಿ. ಏಳು ಮಂದಿ ಸೋದರರಲ್ಲಿ ಕಿರಿಯವನು ವಾದ್ಯವನ್ನು ಹಿಡಿದು ಪರಧಾನನಾದನೆಂದು ಅವರ ಐತಿಹ್ಯ ಹೇಳುತ್ತದೆ. ಹೀಗಾಗಿ ಗೊಂಡ ಯಜಮಾನನು ಅಣ್ಣ, ಪರಧಾನನು ತಮ್ಮ. ಕೆಲವು ವರ್ಷಗಳಿಗೊಮ್ಮೆ ಪರಧಾನನು ತನ್ನ ಪಾಲಿನ ಯಜಮಾನರ ಮನೆಗಳಿಗೆ ಹೋಗಿ ಕುಲದ ಕಥೆಯನ್ನು ಹಾಡುವನು. ಯಜಮಾನನು ಧಾನ್ಯ, ಬಟ್ಟೆ, ಹಣ, ಕೈಲಾದರೆ ದನವನ್ನು ಕೊಡುವನು. ನರ್ಮದೆಯ ಮೇಲ್ದಂಡೆಯ ಪರಧಾನರನ್ನು ಕುರಿತು ಶಾಮರಾವ್ ಹಿವಾಳೆಯವರು 1946ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಪದ್ಧತಿಯ ವಿಸ್ತಾರವಾದ ವರ್ಣನೆ ಇದೆ.

ಈ ವ್ಯವಸ್ಥೆಯಲ್ಲಿ ಮೂರು ಲಕ್ಷಣಗಳು ಗಮನಾರ್ಹವಾದವು. ಮೊದಲನೆಯದಾಗಿ, ಕೊಡುಗೆಯು ಭಿಕ್ಷೆಯಾಗಿರದೆ ತಮ್ಮನಿಗೆ ಸಲ್ಲತಕ್ಕ ಪಾಲಾಗಿತ್ತು. ಎರಡನೆಯದಾಗಿ, ಕೊಡುವವನು ಹಾಡಿನ ಭಾಷೆಯನ್ನೂ ಅರ್ಥವನ್ನೂ ಬಲ್ಲವನಾಗಿದ್ದನು. ತಪ್ಪು ಹಾಡಿದರೆ ತಿದ್ದುವ ಯೋಗ್ಯತೆ ಅವನಿಗಿತ್ತು. ಮೂರನೆಯದಾಗಿ, ಸಂಬಂಧವು ತಲೆಮಾರಿನಿಂದ ತಲೆಮಾರಿಗೆ ಮುಂದುವರಿಯುವುದರಿಂದ ಮಗನಿಗೆ ಕಲಿಸುವ ಅಗತ್ಯ ತಾನಾಗಿಯೇ ಒದಗುತ್ತಿತ್ತು. ಭೂಮಿ ಕೈಬಿಟ್ಟು ಹೋಗಿ, ಅರಣ್ಯದ ಮೇಲಿನ ಹಕ್ಕುಗಳು ಮೊಟಕಾಗಿ, ಯಜಮಾನನೇ ಬಡವನಾದಾಗ ಪರಧಾನನ ಆಶ್ರಯವೂ ಕುಸಿಯಿತು. ಪಂಡಿತನಿಗೆ ಕೊಟ್ಟ ಗ್ರಾಮಕ್ಕೆ ತಾಮ್ರಪಟವಿತ್ತು. ಹಾಡುವವನ ಪಾಲಿಗೆ ರೂಢಿಯೊಂದೇ ಪತ್ರವಾಗಿತ್ತು. ರೂಢಿ ಮುರಿದಾಗ ತೋರಿಸಲು ಅವನ ಬಳಿ ಏನೂ ಉಳಿಯಲಿಲ್ಲ.

ಸ್ವತಂತ್ರ ಭಾರತದಲ್ಲಿ ಈ ತೆರವನ್ನು ತುಂಬಲು ಸರಕಾರ ಮುಂದೆ ಬಂದಿತು. 1985-86ರ ಸುಮಾರಿಗೆ ದೇಶದಲ್ಲಿ ಏಳು ವಲಯ ಸಾಂಸ್ಕೃತಿಕ ಕೇಂದ್ರಗಳು ಏರ್ಪಟ್ಟವು. ಅವುಗಳಲ್ಲಿ ದಕ್ಷಿಣ ಮಧ್ಯ ವಲಯದ ಕೇಂದ್ರ 1986ರಲ್ಲಿ ನಾಗಪುರದಲ್ಲಿ ಸ್ಥಾಪಿತವಾಯಿತು. ಮಹಾರಾಷ್ಟ್ರ, ಮಧ್ಯಪ್ರದೇಶ, ಛತ್ತೀಸಗಡ, ಆಂಧ್ರಪ್ರದೇಶ, ತೆಲಂಗಾಣಗಳೊಂದಿಗೆ ಕರ್ನಾಟಕವೂ ಇದರ ಸದಸ್ಯ ರಾಜ್ಯವಾಗಿದೆ. ತಂಜಾವೂರಿನ ದಕ್ಷಿಣ ವಲಯ ಕೇಂದ್ರಕ್ಕೂ ಕರ್ನಾಟಕ ಸೇರಿರುವುದರಿಂದ ಕನ್ನಡ ನಾಡಿಗೆ ಇಲ್ಲಿ ಎರಡು ಬಾಗಿಲುಗಳಿವೆ. ಸ್ಥಾಪನೆಯ ಕಾಲದಲ್ಲಿ ಪ್ರತಿಯೊಂದು ಕೇಂದ್ರಕ್ಕೂ ಭಾರತ ಸರಕಾರವು 5 ಕೋಟಿ ರೂಪಾಯಿಗಳನ್ನೂ ಸದಸ್ಯ ರಾಜ್ಯಗಳು ತಲಾ 1 ಕೋಟಿ ರೂಪಾಯಿಗಳನ್ನೂ ಮೂಲನಿಧಿಯಾಗಿ ಇಡುವುದು, ಅದರ ಬಡ್ಡಿಯಿಂದ ಕಾರ್ಯಕ್ರಮಗಳು ನಡೆಯುವುದು ಎಂಬ ವ್ಯವಸ್ಥೆ ಮಾಡಲಾಯಿತು. ಆದಕಾರಣ ನಾಗಪುರದ ಈ ಕೇಂದ್ರದ ಕಾರ್ಯದಲ್ಲಿ ಕನ್ನಡಿಗನು ಬರಿಯ ಪ್ರೇಕ್ಷಕನಲ್ಲ. ಅವನ ತೆರಿಗೆಯ ಹಣವೂ ಅಲ್ಲಿ ಬೆರೆತಿದೆ.

ಈ ಕೇಂದ್ರಗಳ ಮುಖ್ಯ ಯೋಜನೆಗಳಲ್ಲಿ ಒಂದು ರಾಷ್ಟ್ರೀಯ ಸಾಂಸ್ಕೃತಿಕ ವಿನಿಮಯ ಕಾರ್ಯಕ್ರಮ. ಒಂದು ರಾಜ್ಯದ ಮೇಳವನ್ನು ಇನ್ನೊಂದು ರಾಜ್ಯಕ್ಕೆ ಕಳುಹಿಸಿ ಅಲ್ಲಿ ಪ್ರದರ್ಶನ ಮಾಡಿಸುವುದು ಅದರ ರೀತಿ. ಕರ್ನಾಟಕದ ಡೊಳ್ಳು ಕುಣಿತದವರು ಉತ್ತರಕ್ಕೆ ಹೋಗುವುದು, ಬಸ್ತರದ ನರ್ತಕರು ದಕ್ಷಿಣಕ್ಕೆ ಬರುವುದು ಈ ಬಗೆಯ ವಿನಿಮಯದಿಂದ ಸುಲಭವಾಗಿದೆ. ಇದರಿಂದ ಆದ ಉಪಕಾರವನ್ನು ಅಲ್ಲಗಳೆಯಲಾಗದು. ತನ್ನ ತಾಲೂಕನ್ನೇ ದಾಟದಿದ್ದ ಕಲಾವಿದನು ದೇಶವನ್ನು ಕಂಡನು. ಅವನ ಕಲೆಗೆ ಬೆಲೆಯಿದೆಯೆಂದು ಅವನ ಊರೇ ತಿಳಿದುಕೊಂಡಿತು. ಆದರೆ ಪರಧಾನ ಪದ್ಧತಿಯ ಮೂರು ಲಕ್ಷಣಗಳನ್ನು ಒರೆಗಲ್ಲಾಗಿ ಹಿಡಿದು ನೋಡಿದರೆ ಈ ಬಗೆಯ ವಿನಿಮಯದ ಕೊರತೆಯೂ ಕಾಣದಿರದು. ರಾತ್ರಿಯೆಲ್ಲ ನಡೆಯಬೇಕಾದ ಕುಣಿತವು ವೇದಿಕೆಯ ಮೇಲೆ ಕೆಲವೇ ನಿಮಿಷಗಳಿಗೆ ಇಳಿಯುತ್ತದೆ. ನೋಡುವವನಿಗೆ ಹಾಡಿನ ಒಂದು ಮಾತೂ ಅರ್ಥವಾಗುವುದಿಲ್ಲ. ಬೇರೆ ಬೇರೆ ನಾಡಿನ ಎರಡು ಮೇಳಗಳು ಒಂದೇ ವಸತಿಗೃಹದಲ್ಲಿ ಇಳಿದುಕೊಂಡರೂ ಒಬ್ಬರ ವಾದ್ಯವನ್ನು ಇನ್ನೊಬ್ಬರು ಮುಟ್ಟಿ ನೋಡುವಷ್ಟು ವಿರಾಮ ಅವರಿಗಿರುವುದಿಲ್ಲ. ಕೊಡುವುದೂ ಕೊಳ್ಳುವುದೂ ಸರಕಾರದ ಹಾಗೂ ಪ್ರೇಕ್ಷಕನ ನಡುವೆ ನಡೆದು, ಕಲಾವಿದರು ಪರಸ್ಪರ ಅಪರಿಚಿತರಾಗಿಯೇ ಹಿಂದಿರುಗುವರು. ಇದು ಪ್ರದರ್ಶನವೆನಿಸಿಕೊಳ್ಳಬಹುದು, ಕೊಳುಕೊಡೆಯೆಂಬ ಹೆಸರು ಇದಕ್ಕೆ ಪೂರ್ತಿಯಾಗಿ ಒಪ್ಪದು.

ಇದೇ ಕೇಂದ್ರಗಳ ಇನ್ನೊಂದು ಯೋಜನೆ ಗುರುಶಿಷ್ಯ ಪರಂಪರೆ. ವೇದಿಕೆಯ ಬೆಳಕು ಇದಕ್ಕೆ ಇಲ್ಲವಾದರೂ ಕಲೆಯ ದೃಷ್ಟಿಯಿಂದ ಇದೇ ಹೆಚ್ಚಿನದು. ಅಳಿವಿನ ಅಂಚಿಗೆ ಬಂದ ಕಲೆಯನ್ನು ಬಲ್ಲ ಗುರುವೊಬ್ಬನನ್ನು ಆರಿಸಿ, ಅವನ ಊರಿನಲ್ಲಿಯೇ ಕೆಲವು ಶಿಷ್ಯರಿಗೆ ಆರು ತಿಂಗಳಿಂದ ಒಂದು ವರ್ಷದವರೆಗೆ ಕಲಿಸುವಂತೆ ಏರ್ಪಡಿಸುವುದು ಇದರ ಸ್ವರೂಪ. ಕೇಂದ್ರ ಸಂಸ್ಕೃತಿ ಮಂತ್ರಾಲಯವು ಪ್ರಕಟಿಸಿದ ವಿವರಗಳಲ್ಲಿ ಗುರುವಿಗೆ ತಿಂಗಳಿಗೆ 7,500 ರೂಪಾಯಿ, ಪಕ್ಕವಾದ್ಯದವನಿಗೆ 3,750 ರೂಪಾಯಿ, ಪ್ರತಿಯೊಬ್ಬ ಶಿಷ್ಯನಿಗೆ 1,500 ರೂಪಾಯಿ ಎಂಬ ದರಗಳು ಕಾಣುತ್ತವೆ. ಒಬ್ಬ ಗುರು, ಒಬ್ಬ ಪಕ್ಕವಾದ್ಯದವನು, ನಾಲ್ವರು ಶಿಷ್ಯರು ಎಂದು ಹಿಡಿದರೆ ತಿಂಗಳಿಗೆ 17,250 ರೂಪಾಯಿ. ವರ್ಷಕ್ಕೆ 2 ಲಕ್ಷ 7 ಸಾವಿರ ರೂಪಾಯಿ. ಬಾನಾ ನುಡಿಸುವ ಒಂದು ಕೈಯಿಂದ ನಾಲ್ಕು ಕೈಗಳಿಗೆ ವಿದ್ಯೆ ದಾಟಲು ತಗಲುವ ಬೆಲೆ ಇಷ್ಟು. ಗುರುವಿಗೆ ಸಲ್ಲುವ ಸಂಭಾವನೆ ಸಾಲದೆಂಬುದು ನಿಜ. ಮಗನನ್ನು ಪೇಟೆಯ ಕೂಲಿಗೆ ಕಳುಹಿಸದೆ ವಾದ್ಯದ ಮುಂದೆ ಕೂರಿಸಲು 1,500 ರೂಪಾಯಿ ತೀರ ಅಲ್ಪ. ಆದರೂ ಇದರ ದಾರಿ ಸರಿಯಾದುದು. ಹಣವು ಇಲ್ಲಿ ಕಲೆಯ ಮೂಲಕ್ಕೆ ಹೋಗುತ್ತದೆ.

ಮಾರುಕಟ್ಟೆಯ ಆಶ್ರಯ ಮೂರನೆಯ ಬಗೆಯದು. ಇದರ ಏಳುಬೀಳುಗಳನ್ನು ಜನಗಡ ಸಿಂಹ ಶ್ಯಾಮರ ಬಾಳಿನಲ್ಲಿ ಕಾಣಬಹುದು. ಮಧ್ಯಪ್ರದೇಶದ ಪಾಟನಗಡದ ಪರಧಾನ ಮನೆತನದಲ್ಲಿ ಹುಟ್ಟಿದ ಈ ತರುಣನ ಕೈಚಳಕವನ್ನು ಚಿತ್ರಕಾರ ಜೆ. ಸ್ವಾಮಿನಾಥನ್ ಅವರ ಬಳಗ ಗುರುತಿಸಿತು. 1982ರಲ್ಲಿ ತೆರೆದ ಭೋಪಾಲದ ಭಾರತ ಭವನದಲ್ಲಿ ಆತನಿಗೆ ನೆಲೆ ದೊರೆಯಿತು. ಹಾಡಿನಲ್ಲಿದ್ದ ದೇವತೆಗಳನ್ನು ಅವರು ಬಣ್ಣಕ್ಕೆ ತಂದರು. 1989ರಲ್ಲಿ ಪ್ಯಾರಿಸ್ಸಿನ ಮಹಾಪ್ರದರ್ಶನದಲ್ಲಿ ಅವರ ಕೃತಿಗಳು ಸ್ಥಾನ ಪಡೆದವು. 2001ರ ಜುಲೈಯಲ್ಲಿ, ಜಪಾನಿನ ವಸ್ತುಸಂಗ್ರಹಾಲಯವೊಂದರ ಆಹ್ವಾನದ ಮೇಲೆ ಅಲ್ಲಿ ಚಿತ್ರ ಬರೆಯುತ್ತಿದ್ದಾಗ, ಅವರು ತಮ್ಮ ಜೀವವನ್ನು ತಾವೇ ಕಳೆದುಕೊಂಡರು. ಆ ದುರಂತಕ್ಕೆ ಒಂದೇ ಕಾರಣವನ್ನು ಹೇಳುವುದು ಸಲ್ಲದು. ಆದರೆ ದೂರದ ದೇಶಕ್ಕೆ ಒಂಟಿಯಾಗಿ ಹೋಗುವ ಆದಿವಾಸಿ ಕಲಾವಿದನಿಗೆ ಅವನ ಭಾಷೆಯ ಸಂಗಾತಿ, ಅವನಿಗೆ ತಿಳಿಯುವ ಕರಾರುಪತ್ರ, ಬೇಕೆಂದಾಗ ಮರಳುವ ಸ್ವಾತಂತ್ರ್ಯ ಇವು ಕಲಾವಿನಿಮಯದ ಮೊದಲ ಷರತ್ತುಗಳಾಗಬೇಕೆಂಬ ಪಾಠವನ್ನು ಅದು ಬಿಟ್ಟುಹೋಗಿದೆ. ಅವರು ಹಾಕಿಕೊಟ್ಟ ಶೈಲಿ ಇಂದು ನೂರಾರು ಪರಧಾನರಿಗೆ ಅನ್ನ ಕೊಡುತ್ತಿದೆ. 2023ರಲ್ಲಿ ಮಧ್ಯಪ್ರದೇಶದ ಗೊಂಡ ಚಿತ್ರಕಲೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ.

ಹೊರಗಿನವರ ಹಣ ಬಂದುದೆಲ್ಲ ಕೆಡುಕೆಂದು ಇದರಿಂದ ಭಾವಿಸಬೇಕಾಗಿಲ್ಲ. ಹೆಗ್ಗೋಡಿನ ನೀನಾಸಂ ಸಂಸ್ಥೆಯು 1983ರಿಂದ 1985ರವರೆಗೆ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ‘ಜನಸ್ಪಂದನ’ ಯೋಜನೆಯನ್ನು ಹಳ್ಳಿಗಳಲ್ಲಿ ನಡೆಸಿತು. ಆ ದಶಕದಲ್ಲಿಯೇ ಉತ್ತರ ಕನ್ನಡದ ಮಂಚಿಕೇರಿಯ ಕಡೆ ಚಿದಂಬರರಾವ್ ಜಂಬೆಯವರು ಸಿದ್ದಿ ಜನರೊಂದಿಗೆ ನಾಟಕವಾಡಿಸಿದರು. ಆರಿಸಿಕೊಂಡುದು ಆಫ್ರಿಕದ ಚಿನುವಾ ಅಚೆಬೆಯವರ ಕಾದಂಬರಿಯ ರೂಪಾಂತರ. ಆಫ್ರಿಕದಿಂದ ಬಂದ ಪೂರ್ವಜರ ಕುಲದವರು ಆಫ್ರಿಕದ ಕಥೆಯನ್ನು ಕನ್ನಡದಲ್ಲಿ ಆಡಿದರು. ನಿರ್ದೇಶಕರು ಸಿದ್ದಿಗಳ ಊರಿನಲ್ಲಿಯೇ ಉಳಿದು, ಅವರ ಹಾಡು ಕುಣಿತಗಳನ್ನು ನಾಟಕದ ಒಳಗೆ ತಂದುದರಿಂದ ಅದು ಒಂದು ರಾತ್ರಿಯ ಸೊಬಗಾಗಿ ಮುಗಿಯಲಿಲ್ಲ. ಸಿದ್ದಿಗಳಲ್ಲಿಯೇ ನಟನಟಿಯರು ಮುಂದೆ ಬಂದರು. ಸಿದ್ದಿಗಳಿಗೆ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ದೊರೆತದ್ದು 2003ರಲ್ಲಿ. ರಂಗಭೂಮಿ ಅವರನ್ನು ಗುರುತಿಸಿದ್ದು ಅದಕ್ಕೂ ಮೊದಲು.

ಗೊಂಡರೊಂದಿಗೆ ಕನ್ನಡವು ನಡೆಸಿದ ನಿಜವಾದ ಕೊಳುಕೊಡೆಯ ಒಂದು ನಿದರ್ಶನವೂ ಇದೆ. ಗೊಂಡಿಯು ಹಲವು ರಾಜ್ಯಗಳಲ್ಲಿ ಹರಿದು ಹಂಚಿಹೋಗಿ, ಒಂದೆಡೆಯ ಗೊಂಡನ ಮಾತು ಇನ್ನೊಂದೆಡೆಯವನಿಗೆ ಕಷ್ಟವಾಗುವ ಸ್ಥಿತಿ ಬಂದಿತ್ತು. ಇದನ್ನು ನಿವಾರಿಸಲು ಸಿಜಿನೆಟ್ ಸ್ವರ ಎಂಬ ಸಂಸ್ಥೆಯೂ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವೂ ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಕೈಗೂಡಿಸಿ 2014ರಿಂದ ಕಮ್ಮಟಗಳನ್ನು ನಡೆಸಿದವು. ಬುಡಕಟ್ಟು ಅಧ್ಯಯನದ ಪ್ರಾಧ್ಯಾಪಕರಾದ ಕೆ. ಎಂ. ಮೇತ್ರಿಯವರು ಈ ಕಾರ್ಯದಲ್ಲಿ ಪಾಲ್ಗೊಂಡಿದ್ದರು. ಹಲವು ರಾಜ್ಯಗಳ ಗೊಂಡರೇ ಕುಳಿತು, ಒಂದೊಂದು ವಸ್ತುವಿಗೂ ತಮ್ಮ ತಮ್ಮ ಸೀಮೆಯ ಶಬ್ದವನ್ನು ಮುಂದಿಟ್ಟು, ಚರ್ಚಿಸಿ, ಸುಮಾರು 3,000 ಶಬ್ದಗಳ ಪ್ರಮಾಣಿತ ಕೋಶವನ್ನು ಸಿದ್ಧಪಡಿಸಿದರು. 2018ರಲ್ಲಿ ಹಂಪಿಯಲ್ಲಿ ಆ ಕಾರ್ಯ ಕೈಗೂಡಿತು. ಇಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಳವನ್ನೂ ವಿದ್ವತ್ತನ್ನೂ ಒದಗಿಸಿತು; ಯಾವ ಶಬ್ದ ಉಳಿಯಬೇಕೆಂಬ ನಿರ್ಣಯವನ್ನು ಗೊಂಡರಿಗೇ ಬಿಟ್ಟಿತು. ಈ ವಿಂಗಡಣೆಯೇ ಎಲ್ಲ ಧನಸಹಾಯಕ್ಕೂ ಮಾದರಿಯಾಗತಕ್ಕದ್ದು.

ಹಣ ಎಷ್ಟೆಂಬುದಕ್ಕಿಂತ ನಿರ್ಣಯ ಯಾರದೆಂಬುದು ಮುಖ್ಯವೆಂಬ ಈ ತತ್ತ್ವವನ್ನು ಹೊರದೇಶಗಳು ಆಡಳಿತದಲ್ಲಿಯೇ ಅಳವಡಿಸಿಕೊಂಡಿವೆ. ಆಸ್ಟ್ರೇಲಿಯದಲ್ಲಿ 1973ರಲ್ಲಿ ಆದಿವಾಸಿ ಸದಸ್ಯರಿಂದಲೇ ಕೂಡಿದ ಕಲಾಮಂಡಲಿ ಸ್ಥಾಪಿತವಾಯಿತು. ಲಾರ್ಡಿಲ್ ಜನಾಂಗದ ಚಿತ್ರಕಾರ ಡಿಕ್ ರಫ್ಸೀ ಅದರ ಮೊದಲ ಅಧ್ಯಕ್ಷರು. ಕೆನಡಾದ ಕಲಾಪರಿಷತ್ತು 2017ರಲ್ಲಿ ಮೂಲನಿವಾಸಿಗಳಿಗಾಗಿಯೇ ಒಂದು ಅನುದಾನ ವಿಭಾಗವನ್ನು ತೆರೆದು, ಅರ್ಜಿಗಳ ಪರಿಶೀಲನೆಯನ್ನು ಮೂಲನಿವಾಸಿಗಳ ಕೈಗೇ ಒಪ್ಪಿಸಿತು. ನಮ್ಮ ವಲಯ ಕೇಂದ್ರಗಳಲ್ಲಾದರೋ ರಾಜ್ಯಪಾಲರು ಅಧ್ಯಕ್ಷರು. ಮಂತ್ರಿಗಳು, ಅಧಿಕಾರಿಗಳು, ನಾಮಕರಣಗೊಂಡ ಕಲಾವಿದರು ಆಡಳಿತ ಮಂಡಲಿಯಲ್ಲಿರುವರು. ಗೊಂಡ ಕಲೆಯ ವಿಷಯದಲ್ಲಿ ಕೊನೆಯ ಮಾತು ಗೊಂಡರದೇ ಆಗುವಂತಹ ಪೀಠವೊಂದು ನಮ್ಮಲ್ಲಿಯೂ ಏರ್ಪಡಬೇಕಾಗಿದೆ.

ಅಂತಹ ಪೀಠಕ್ಕೆ ಬೇಕಾದ ಬೀಜ ವೈನಗಂಗೆಯ ಸೀಮೆಯಲ್ಲಿಯೇ ಇದೆ. ಗಡಚಿರೋಲಿ ಜಿಲ್ಲೆಯ ಮೇಂಢಾ-ಲೇಖಾ ಎಂಬ ಗೊಂಡ ಹಳ್ಳಿಯು ‘ಮಾವಾ ನಾಟೆ ಮಾವಾ ರಾಜ್’ ಎಂಬ ಗೊಂಡಿ ಘೋಷಣೆಯಿಂದ ಪ್ರಸಿದ್ಧವಾಗಿದೆ. ನಮ್ಮ ಊರಿನಲ್ಲಿ ನಮ್ಮದೇ ಆಳ್ವಿಕೆ ಎಂಬುದು ಅದರ ಅರ್ಥ. ಅಲ್ಲಿಯ ಗ್ರಾಮಸಭೆಯಲ್ಲಿ ಬಹುಮತದಿಂದ ತೀರ್ಮಾನವಾಗುವುದಿಲ್ಲ. ಎಲ್ಲರೂ ಒಪ್ಪುವವರೆಗೆ ಚರ್ಚೆ ನಡೆಯುತ್ತದೆ. ಅರಣ್ಯಹಕ್ಕು ಕಾಯಿದೆಯ ಅನ್ವಯ 2009ರಲ್ಲಿ ಆ ಹಳ್ಳಿಗೆ ಸಾಮುದಾಯಿಕ ಹಕ್ಕು ದೊರೆತು, 2011ರಿಂದ ತನ್ನ ಬಿದಿರನ್ನು ತಾನೇ ಮಾರಲು ಅದು ಸಮರ್ಥವಾಯಿತು. ಅದೇ ಜಿಲ್ಲೆಯ ಮೊಹಗಾಂವ್ ಗ್ರಾಮಸಭೆಯು 2019ರಲ್ಲಿ ಗೊಂಡಿ ಮಾಧ್ಯಮದ ಶಾಲೆಯೊಂದನ್ನು ತಾನೇ ತೆರೆಯಿತು. ಇವರಿಗೆ ಆಶ್ರಯದಾತ ಬೇಕಾಗಿಲ್ಲ, ಜತೆಗಾರ ಬೇಕಾಗಿದ್ದಾನೆ. ಇದೇ ಪೂರ್ವ ವಿದರ್ಭದ ಝಾಡೀಪಟ್ಟಿ ರಂಗಭೂಮಿಯನ್ನು ಟಿಕೇಟಿನ ಹಣವೇ ಮುಖ್ಯವಾಗಿ ಸಾಕುತ್ತಿದೆ. ವಡಸಾದ ನಾಟಕ ಮಂಡಲಿಗಳನ್ನು ಸುಗ್ಗಿಯ ಕಾಲದಲ್ಲಿ ಹಳ್ಳಿಯವರೇ ಕರೆಸಿ ರಾತ್ರಿಯೆಲ್ಲ ಆಡಿಸುವರು. ಕಲೆಯು ಜನರ ಸ್ವಂತದ್ದಾಗಿದ್ದರೆ ಅದಕ್ಕೆ ಕಾಸು ಹುಟ್ಟುತ್ತದೆಯೆಂಬುದಕ್ಕೆ ಇದು ಸಾಕ್ಷಿ.

ಈಗ ಮತ್ತೆ ಮೌದಾಕ್ಕೆ ಮರಳಬಹುದು. ಮೌದಾದ ಬಳಿ ಒಟ್ಟು 2,320 ಮೆಗಾವ್ಯಾಟ್ ಸಾಮರ್ಥ್ಯದ ಉಷ್ಣವಿದ್ಯುತ್ ಸ್ಥಾವರವಿದೆ. ಅದೇ ನಾಗಪುರ ಜಿಲ್ಲೆಯ ಉತ್ತರಕ್ಕೆ, ರಾಮಟೇಕ ತಾಲೂಕಿನ ಅರಣ್ಯದ ಅಂಚಿನಲ್ಲಿ ಗೊಂಡ ಹಳ್ಳಿಗಳಿವೆ. 2013ರ ಕಂಪನಿ ಕಾಯಿದೆಯ 135ನೆಯ ವಿಧಿಯಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜ ಕಾರ್ಯಕ್ಕೆ ವ್ಯಯಿಸಬೇಕು. ತಾವು ಕೆಲಸ ಮಾಡುವ ಸುತ್ತಿನ ಪ್ರದೇಶಕ್ಕೆ ಆದ್ಯತೆ ಕೊಡಬೇಕು. ಆ ಕಾಯಿದೆಯ ಏಳನೆಯ ಪರಿಶಿಷ್ಟದಲ್ಲಿ ಶಾಲೆ, ಆರೋಗ್ಯಗಳೊಂದಿಗೆ ಕಲೆ ಮತ್ತು ಸಂಸ್ಕೃತಿಯ ಸಂರಕ್ಷಣೆ, ಸಾಂಪ್ರದಾಯಿಕ ಕಲೆ ಹಾಗೂ ಕರಕುಶಲಗಳ ಅಭಿವೃದ್ಧಿ ಎಂಬ ಬಾಬುಗಳೂ ಸೇರಿವೆ. ಆದುದರಿಂದ ಬಾನಾ ಕಲಿಸುವ ಒಂದು ಮನೆಯನ್ನು ನಡೆಸಲು ಈ ಹಣವನ್ನು ಕೇಳುವುದು ನ್ಯಾಯಸಮ್ಮತವೇ.

ಕೇಳುವವರು ಯಾರು ಎಂಬಲ್ಲಿ ತೊಡಕು ಬರುತ್ತದೆ. ಕಂಪನಿಯು ತಾನೇ ಕಾರ್ಯವನ್ನು ಕೈಗೊಳ್ಳದೆ ಇನ್ನೊಬ್ಬರ ಮೂಲಕ ನಡೆಸುವಾಗ, ನಿಯಮದಂತೆ ಆ ಹಣ ಸಾಮಾನ್ಯವಾಗಿ ನೋಂದಾಯಿತ ಸಂಘ, ನ್ಯಾಸ ಅಥವಾ ಲಾಭೋದ್ದೇಶವಿಲ್ಲದ ಕಂಪನಿಯ ಕೈಗೆ ಹೋಗಬೇಕು. ಅಂತಹ ಖಾಸಗಿ ಸಂಸ್ಥೆಗೆ ಮೂರು ವರ್ಷಗಳ ಕಾರ್ಯಾನುಭವ, ತೆರಿಗೆ ಇಲಾಖೆಯ ಮಾನ್ಯತೆ, 2021ರ ಏಪ್ರಿಲ್ ಒಂದರಿಂದ ಜಾರಿಗೆ ಬಂದ ಪ್ರತ್ಯೇಕ ನೋಂದಣಿ ಇವೆಲ್ಲವೂ ಇರಬೇಕು. ಮತ್ತಿಯ ಮರದಡಿ ಹಾಡುವ ಪರಧಾನನಿಗೆ ಇವುಗಳಲ್ಲಿ ಯಾವುದೂ ಇರುವ ಸಂಭವವಿಲ್ಲ. ಹೊರನಾಡಿನ ಕನ್ನಡ ಸಂಘಗಳ ಕರ್ತವ್ಯ ಇಲ್ಲಿಯೇ ಆರಂಭವಾಗುವುದು. ನೋಂದಣಿ, ವರ್ಷ ವರ್ಷದ ಲೆಕ್ಕ ತಪಾಸಣೆ, ವರದಿ ಬರೆಯುವ ಅಭ್ಯಾಸ ಇವು ಪರಸ್ಥಳದಲ್ಲಿ ಬಾಳುವ ಸಂಘಗಳಿಗೆ ಕರತಲಾಮಲಕ. ಆ ಸಂಘವು ಗ್ರಾಮಸಭೆಯ ಕರಣಿಕನಂತೆ ನಿಲ್ಲಬಹುದು. ಯಾವ ಗುರು, ಯಾವ ಶಿಷ್ಯ, ಯಾವ ಹಾಡನ್ನು ಧ್ವನಿಮುದ್ರಿಸಬಹುದು, ಯಾವ ಹಾಡು ದೇವರ ಮುಂದೆ ಮಾತ್ರ ಸಲ್ಲುವಂತಹುದು ಎಂಬ ನಿರ್ಣಯ ಗ್ರಾಮಸಭೆಯದಾಗಿರಬೇಕು. ಪತ್ರವ್ಯವಹಾರದ ಭಾರ ಮಾತ್ರ ಸಂಘದ್ದು. ಮುದ್ರಿಸಿದುದರ ಮೇಲಿನ ಹಕ್ಕು ಹಾಡುವವನ ಊರಿಗೆ ಉಳಿಯಬೇಕು. ಹಾಡಿದವನ ಹೆಸರು ಮುಖಪುಟದ ಮೇಲೆ ಬರಬೇಕು.

ಇದಕ್ಕೆ ಪ್ರತಿಯಾಗಿ ಕನ್ನಡಕ್ಕೆ ದೊರೆಯುವುದೇನೆಂದು ಯಾರಾದರೂ ಕೇಳಬಹುದು. ಕೊಳುಕೊಡೆಯೆಂದಮೇಲೆ ಆ ಪ್ರಶ್ನೆ ಅನುಚಿತವಲ್ಲ. ಲಿಪಿಯನ್ನೂ ಶಾಸನಗಳನ್ನೂ ಪಡೆದ ಕನ್ನಡವು ತನ್ನ ಬರೆಯದ ಬಾಲ್ಯವನ್ನು ಎಂದೋ ಮರೆತಿದೆ. ಆ ಬಾಲ್ಯದ ಒಡನಾಡಿಯಾದ ಭಾಷೆಯೊಂದು ‘ಪಾಟಾ’ ಎಂಬ ಶಬ್ದವನ್ನು ಇಂದಿಗೂ ನಾಲಗೆಯ ಮೇಲೆ ಇಟ್ಟುಕೊಂಡಿದೆ. ಹೊರನಾಡಿನಲ್ಲಿ ಹುಟ್ಟಿ ಮನೆಮಾತನ್ನು ಮರೆಯುತ್ತಿರುವ ಕನ್ನಡದ ಮಕ್ಕಳು, ತಮ್ಮಂತೆಯೇ ಮನೆಮಾತನ್ನು ಕಳೆದುಕೊಳ್ಳುತ್ತಿರುವ ಗೊಂಡ ಮಕ್ಕಳೊಂದಿಗೆ ಒಂದು ದಿನ ಕುಳಿತು ‘ರಂಡ್, ಮೂಂಡ್, ನಾಲುಂಗ್’ ಎಂದು ಎಣಿಸಿದರೆ, ಎರಡೂ ಕಡೆಯವರಿಗೆ ತಮ್ಮ ಮಾತಿನ ಬೆಲೆ ತಿಳಿದೀತು. ಅಂತಹ ಒಂದು ದಿನಕ್ಕೆ ಮೂಲನಿಧಿಯಾಗಲಿ ವೇದಿಕೆಯಾಗಲಿ ಬೇಕಾಗಿಲ್ಲ; ಮೌದಾದಿಂದ ರಾಮಟೇಕದ ಕಾಡಂಚಿನ ಹಳ್ಳಿಯವರೆಗಿನ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಮುಂದಿನ ವರ್ಷವೂ ಬರುವೆವೆಂದು ಕೊಟ್ಟು ಉಳಿಸಿಕೊಳ್ಳುವ ಮಾತು ಇಷ್ಟೇ ಸಾಕು. ಕೆಲವು ವರ್ಷಗಳಿಗೊಮ್ಮೆ ಅಣ್ಣನ ಬಾಗಿಲಿಗೆ ಬರುತ್ತಿದ್ದ ಪರಧಾನನ ನಂಟೂ ಹೀಗೆ ಮರಳಿ ಬರುವುದರಿಂದಲೇ ಬೆಳೆದು ಉಳಿದಿತ್ತು.